ಗೊತ್ತಣ್ಣನ ಮರ

ಗೊತ್ತಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಣ್ಣಾಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು. ಸಿಬ್ಬಂದಿ ವಿಭಾಗದ ಮೇಲ್ವಿಚಾರಕರಾಗಿ ಅವರು ಆ ಆಸ್ಪತ್ರೆಯಲ್ಲೇ ತಲೆ ನರೆಸಿಕೊಂಡಿದ್ದರು. ಅಷ್ಟು ಕಾಲದಲ್ಲಿ ಅವರ ಬಾಯಿಂದ 'ಗೊತ್ತಿಲ್ಲ' ಎಂಬ ಮಾತು ಬಂದದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಎದುರಿಗಿದ್ದವರು ಪ್ರಶ್ನೆ ಮುಗಿಸುವ ಮೊದಲೇ 'ಗೊತ್ತು ಗೊತ್ತು' ಅಂದುಬಿಡುತ್ತಿದ್ದರು. ಇದರಲ್ಲಿ ಮೋಸವೇನೂ ಇರಲಿಲ್ಲ. ಕೇಳಲು ಬಂದವರು ಬರಿಗೈಯಲ್ಲಿ ಹೋಗಬಾರದು ಎಂಬ ಒಳ್ಳೆಯ ಮನಸ್ಸು, ಅಷ್ಟೆ. ಕನ್ನಡಕದ ಅಂಗಡಿ ಎಲ್ಲಿ ಎಂದವರಿಗೆ ಅವರು ಬೆರಳು ತೋರಿಸದೆ ಕಳಿಸಿದ್ದೇ ಇಲ್ಲ. ಬೆರಳು ತೋರಿಸಿದ ಕಡೆ ಕನ್ನಡಕದ ಅಂಗಡಿ ಇರಬೇಕು ಎಂಬ ನಿಯಮವನ್ನು ಮಾತ್ರ ಅವರು ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ.

ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಕಾರ್ಡಿನ ಬಾಗಿಲುಗಳು ಬಂದದ್ದೂ ಅವರಿಂದಲೇ ಎಂದು ಹೇಳುವವರಿದ್ದರು. ರೋಗಿಯೊಬ್ಬರ ತಮ್ಮ ಕ್ಯಾಂಟೀನು ಎಲ್ಲಿ ಎಂದು ಕೇಳಿ, ಗೊತ್ತಣ್ಣ ತೋರಿಸಿದ ದಿಕ್ಕಿನಲ್ಲಿ ನಡೆದು, ಒಂದು ಚೀಲ ಕಿತ್ತಳೆ ಹಣ್ಣಿನ ಸಮೇತ ನೇರವಾಗಿ ಆಪರೇಷನ್ ಕೋಣೆಯೊಳಗೆ ನಿಂತು, ಊಟ ಎಷ್ಟು ಹೊತ್ತಿಗೆ ಎಂದು ವಿಚಾರಿಸಿದ್ದ. ಅವತ್ತು ಚಾಕು ಹಿಡಿದಿದ್ದ ಡಾಕ್ಟರು ಆ ದಿನದಿಂದ ಕಿತ್ತಳೆ ತಿನ್ನುವುದನ್ನೇ ಬಿಟ್ಟರು. ಹೊಸ ಕಟ್ಟಡದಲ್ಲಿ ಯಾವ ಬಾಗಿಲೂ ಕಾರ್ಡು ತೋರಿಸದೆ ತೆರೆಯಕೂಡದು ಎಂದು ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಅಪ್ಪಣೆ ಮಾಡಿದರು.

ಅದಕ್ಕಾಗಿ ಸಭೆ ಸೇರಿತು. ಕಂಪ್ಯೂಟರ್ ಕಂಪನಿಯಿಂದ ಒಬ್ಬ ಎಂಜಿನಿಯರಮ್ಮ ಬಂದಿದ್ದಳು. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು.

"ಯಾರು ಏನು, ಯಾರಿಗೆ ಯಾವ ಬಾಗಿಲು ತೆಗೀಬೇಕು ಅನ್ನೋದನ್ನೆಲ್ಲ ಕಂಪ್ಯೂಟರಲ್ಲಿ ಇಡಬೇಕು ಸಾರ್," ಎಂದಳು. "ಇಡೋಕೆ ಎರಡು ದಾರಿ. ಒಂದು ಡೈರೆಕ್ಟರಿ, ಇನ್ನೊಂದು ರಿಲೇಷನಲ್ ಡೇಟಾಬೇಸ್. ಮೊದಲು ಅದು ತೀರ್ಮಾನ ಆಗಬೇಕು. ಇದರ ಬಗ್ಗೆ ಇಲ್ಲಿ ಯಾರಿಗೆ ಗೊತ್ತಿದೆ?"

ಆ ಆಸ್ಪತ್ರೆಯಲ್ಲಿ ಇಬ್ಬರು ಹಿರಿಯ ಡಾಕ್ಟರುಗಳಿದ್ದರು. ಕಣ್ಣಿನ ಮುಂಭಾಗದ ಪೊರೆ ತೆಗೆಯುವವರನ್ನು ಮುಂದಿನ ಡಾಕ್ಟರು ಎಂದೂ, ಕಣ್ಣಿನ ಹಿಂಭಾಗ ನೋಡುವವರನ್ನು ಹಿಂದಿನ ಡಾಕ್ಟರು ಎಂದೂ ಎಲ್ಲರೂ ಕರೆಯುತ್ತಿದ್ದರು. ಮುಂದಿನ ಡಾಕ್ಟರು ಫ್ಯಾನು ನೋಡಿದರು. ಹಿಂದಿನ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಹಿರಿಯ ನರ್ಸು, ಎಲ್ಲರೂ ಸಿಸ್ಟರ್ ಎನ್ನುವವರು, ಟೀ ಕಪ್ಪುಗಳನ್ನು ಎಣಿಸಿದರು. ಮೂಲೆಯಿಂದ ಒಂದು ದನಿ ಬಂತು:

"ಗೊತ್ತು."

ಗೊತ್ತಣ್ಣನೇ ಬೆಚ್ಚಿಬಿದ್ದರು. ಬಾಯಿ ತನ್ನ ಪಾಡಿಗೆ ತಾನು ಡ್ಯೂಟಿ ಮಾಡಿಬಿಟ್ಟಿತ್ತು.

"ಬದುಕಿಸಿದ್ರಿ," ಎಂದರು ದೊಡ್ಡ ಡಾಕ್ಟರು. ಅವರ ಮುಖದಲ್ಲಿ ನಿಜವಾದ ಕೃತಜ್ಞತೆಯಿತ್ತು. "ಇದೆಲ್ಲ ನಿಮ್ಮ ಜವಾಬ್ದಾರಿ. ಚೆನ್ನಾಗಿ ಆಯ್ತು ಅಂದ್ರೆ ಹೊಸ ಕಟ್ಟಡದಲ್ಲಿ ಆ ಕಿಟಕಿ ಇರೋ ಕೋಣೆ ನಿಮಗೇ."

ಗೊತ್ತಣ್ಣನ ಈಗಿನ ಕೋಣೆ ಮೆಟ್ಟಿಲ ಕೆಳಗಿತ್ತು. ತಲೆಯ ಮೇಲೆ ಯಾರು ಹತ್ತಿದರು, ಯಾರು ಇಳಿದರು ಎಂದು ಸದ್ದಿನಲ್ಲೇ ಹೇಳಬಹುದಿತ್ತು. ಕಿಟಕಿ ಎಂದರೆ ಅವರಿಗೆ ಆಸೆ ಇಲ್ಲವೆಂದಲ್ಲ. ಆದರೆ ಅವತ್ತು ಅವರ ಎದೆ ಹೊಡೆದುಕೊಂಡದ್ದು ಕಿಟಕಿಗಾಗಿ ಅಲ್ಲ, ಅತ್ತೆಗಾಗಿ.

ಅತ್ತೆ, ಎಂದರೆ ಹೆಂಡತಿಯ ತಾಯಿ, ಇವರ ಮನೆಯಲ್ಲೇ ಇದ್ದರು. ಎರಡು ಕಣ್ಣಿಗೂ ಪೊರೆ ಬಂದು ಲೋಕವೆಲ್ಲ ಮಂಜುಮಂಜಾಗಿ ಎಷ್ಟೋ ವರ್ಷವಾಗಿತ್ತು. ಆಪರೇಷನ್ ಎಂದರೆ ಸಾಕು, ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಈಚೆಗೆ ಹೇಗೋ ಒಪ್ಪಿದ್ದರು. ಒಪ್ಪಿದ್ದು ಒಂದೇ ಕಾರಣಕ್ಕೆ.

"ಅಳಿಯಂದ್ರ ಆಸ್ಪತ್ರೆ, ಅವರಿಗೆ ಎಲ್ಲಾ ಗೊತ್ತಿರುತ್ತೆ," ಎಂದಿದ್ದರು. "ಆದರೆ ಒಂದೇ ಸಲ ಬರೋದು ನಾನು. ಅಲ್ಲಿಗೆ ಕರ್ಕೊಂಡು ಹೋಗಿ, ಇವತ್ತು ಆಗಲ್ಲ ನಾಳೆ ಬಾ ಅಂದ್ರೆ, ಇನ್ನು ಈ ಜನ್ಮದಲ್ಲಿ ಆ ಮಂಚ ಹತ್ತಲ್ಲ. ಈಗಲೇ ಹೇಳಿದೀನಿ."

ಅವರ ಹೆಸರು ಹೊಸ ಕಟ್ಟಡದ ಮೊದಲ ದಿನ, ಮೊದಲ ಆಪರೇಷನ್ನಿಗೆ ಬಿದ್ದಿತ್ತು.

ಮರುದಿನ ಎಂಜಿನಿಯರಮ್ಮ ಮೆಟ್ಟಿಲ ಕೆಳಗಿನ ಕೋಣೆಗೆ ಬಂದು, ತಲೆ ತಗ್ಗಿಸಿ ಕೂತು, ವಿವರಿಸತೊಡಗಿದಳು.

"ಡೈರೆಕ್ಟರಿ ಅಂದ್ರೆ ಮರ ಇದ್ದ ಹಾಗೆ ಸಾರ್. ಮೇಲೆ ಆಸ್ಪತ್ರೆ, ಅದರ ಕೆಳಗೆ ವಿಭಾಗ, ವಿಭಾಗದ ಕೆಳಗೆ ಜನ. ಒಬ್ಬರಿಗೆ ಒಂದೇ ಜಾಗ. ಬಾಗಿಲು ಯಾರನ್ನಾದರೂ ಹುಡುಕಿದ್ರೆ ಚಿಟಿಕೆ ಹೊಡೆಯೋ ಅಷ್ಟರಲ್ಲಿ ಸಿಗ್ತಾರೆ. ಆದರೆ—"

"ಗೊತ್ತು."

"ಡೇಟಾಬೇಸ್ ಅಂದ್ರೆ ಪಟ್ಟಿಗಳು ಸಾರ್. ಜನರದ್ದು ಒಂದು ಪಟ್ಟಿ, ಕೆಲಸಗಳದ್ದು ಒಂದು, ಬಾಗಿಲುಗಳದ್ದು ಒಂದು. ಪ್ರತಿಯೊಂದಕ್ಕೂ ನಂಬರು. ಯಾರಿಗೆ ಎಷ್ಟು ಕೆಲಸ ಬೇಕಾದರೂ ಜೋಡಿಸಬಹುದು, ದಿನಾ ಬದಲಾಯಿಸಬಹುದು. ಆದರೆ—"

"ಗೊತ್ತು ಗೊತ್ತು."

"ಅದಕ್ಕೇ ಸಾರ್, ತುಂಬ ಕಡೆ ಏನು ಮಾಡ್ತಾರೆ ಅಂದ್ರೆ—"

"ಗೊತ್ತಮ್ಮಾ. ನಾನು ಯೋಚನೆ ಮಾಡಿ ಹೇಳ್ತೀನಿ."

ಎಂಜಿನಿಯರಮ್ಮ ಎದ್ದಳು. ಇಷ್ಟು ಬೇಗ ಅರ್ಥ ಮಾಡಿಕೊಂಡ ಗಿರಾಕಿ ಅವಳಿಗೆ ಈ ಮೊದಲು ಸಿಕ್ಕಿರಲಿಲ್ಲ. ಹೋಗುವಾಗ ಮೆಟ್ಟಿಲಿಗೆ ತಲೆ ತಾಗಿಸಿಕೊಂಡು ಹೋದಳು.

ಗೊತ್ತಣ್ಣ ಯೋಚನೆ ಮಾಡಲು ಮನೆಗೆ ಬಂದರು. ಅನುಭವದ ಮನುಷ್ಯ; ಏನನ್ನೇ ಆಗಲಿ ಮೊದಲು ಮನೆಯಲ್ಲಿ ಮಾಡಿ ನೋಡಬೇಕು ಎಂದು ಅವರ ಲೆಕ್ಕ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ದೊಡ್ಡದೊಂದು ಮರ ಬರೆದು ನಡುಮನೆಯ ಗೋಡೆಗೆ ಅಂಟಿಸಿದರು. ತುದಿಯಲ್ಲಿ ತಾವು. ಕೆಳಗೆ ಹೆಂಡತಿ. ಹೆಂಡತಿಯ ಕೆಳಗೆ, ಅವಳೇ ಹಾಲು ಹಾಕುವುದರಿಂದ, ಬೆಕ್ಕು. ಅಷ್ಟರಲ್ಲಿ ಅತ್ತೆ ಮರೆತುಹೋಗಿದ್ದು ನೆನಪಾಯಿತು. ಕಾಗದದಲ್ಲಿ ಜಾಗ ಉಳಿದದ್ದು ಬೆಕ್ಕಿನ ಕೆಳಗೆ ಮಾತ್ರ. ಹೇಗಿದ್ದರೂ ಇದು ಪರೀಕ್ಷೆಗೆ ತಾನೇ ಎಂದು ಅಲ್ಲೇ ಬರೆದರು.

"ಏನ್ರೀ ಇದು, ಗೋಡೆಗೆ ಬೇರು ಬಿಟ್ಟಿದೆ," ಎಂದು ಹೆಂಡತಿ ಬಂದು ನೋಡಿ, ತುದಿಯಿಂದ ಬುಡದವರೆಗೆ ಓದಿ, ಗಂಡನ ಮುಖ ನೋಡಿದಳು.

ಅತ್ತೆ ಕುರ್ಚಿಯಿಂದಲೇ ಕೇಳಿದರು. "ಅದೇನು ಅಂಟಿಸಿದ್ದು ಅಳಿಯಂದ್ರೇ? ಬಿಳೀದೇನೋ ಕಾಣ್ತಿದೆ."

"ಆಫೀಸಿನ ಕೆಲಸ ಅತ್ತೆ. ನಮ್ಮ ಮನೆಯವರನ್ನೆಲ್ಲ ಮರದಲ್ಲಿ ಹಾಕಿದೀನಿ."

"ಹೌದಾ. ನಾನೆಲ್ಲಿದೀನಿ?"

"ಎಲ್ಲರಿಗಿಂತ ಮೇಲೆ."

ಹೆಂಡತಿ ಸೆರಗಿನಿಂದ ಬಾಯಿ ಒತ್ತಿಕೊಂಡು ಅಡಿಗೆ ಮನೆಗೆ ಹೋದಳು. ಅತ್ತೆ ಗೋಡೆಯ ಬಿಳಿಯನ್ನು ಮೆಚ್ಚುಗೆಯಿಂದ ನೋಡಿದರು. ಅಷ್ಟರಲ್ಲಿ ಮಹಡಿ ಮನೆಯಾಕೆ ಏಣಿ ಕೇಳಲು ಬಂದವರು ಮರದ ಮುಂದೆ ನಿಂತುಬಿಟ್ಟರು. ಅವರಿಗೆ ಗಟ್ಟಿಯಾಗಿ ಓದುವ ಅಭ್ಯಾಸ.

"ಅಯ್ಯೋ ಪಾಪ, ಅಜ್ಜಿಯವರು ಇಲ್ಲಿ ಬೆಕ್ಕಿನ—"

"ಟೀ ಕುಡೀರಿ," ಎಂದು ಹೆಂಡತಿ ಒಳಗಿನಿಂದ ಹಾರಿ ಬಂದಳು. "ಬಿಸಿ ಇದೆ, ಬಾಯಿ ಮುಚ್ಚಿಕೊಂಡು ಕುಡೀರಿ."

ಮಹಡಿ ಮನೆಯಾಕೆ ಕುಡಿದರು. ಕುಡಿದು, "ದಿನಕ್ಕೆ ನಾಲ್ಕು ಸಲ ಬಂದು ಹೋಗ್ತೀನಿ, ನಾನು ಎಲ್ಲೂ ಇಲ್ವಲ್ಲ," ಎಂದು ಮುಖ ದಪ್ಪ ಮಾಡಿಕೊಂಡು, ಏಣಿ ತೆಗೆದುಕೊಳ್ಳದೆಯೇ ಹೋದರು.

ಮರವನ್ನು ಹಾಗೇ ಬಿಟ್ಟು ಗೊತ್ತಣ್ಣ ಎದುರು ಗೋಡೆಗೆ ಪಟ್ಟಿಗಳನ್ನು ಅಂಟಿಸಿದರು. ಜನಕ್ಕೆಲ್ಲ ನಂಬರು ಕೊಟ್ಟರು.

"ನಂಬರಾ?" ಎಂದರು ಅತ್ತೆ. "ಬಸ್ಸಿಗೆ ಇರುತ್ತೆ ನಂಬರು. ನಾನೇನು ಯಾರನ್ನಾದ್ರೂ ಹತ್ತಿಸಿಕೊಂಡು ಹೋಗ್ತೀನಾ?"

ಅದೇನೂ ದೊಡ್ಡ ತೊಂದರೆಯಾಗಿರಲಿಲ್ಲ. ತೊಂದರೆ ಬಂದದ್ದು ಕೆಲಸಗಳ ಪಟ್ಟಿಯಲ್ಲಿ. ಒಬ್ಬರಿಗೆ ಎಷ್ಟು ಕೆಲಸ ಬೇಕಾದರೂ ಜೋಡಿಸಬಹುದಲ್ಲ. ಗೊತ್ತಣ್ಣ ಪ್ರಾಮಾಣಿಕವಾಗಿ ಜೋಡಿಸುತ್ತಾ ಹೋದರು. ಅಡಿಗೆ, ಪಾತ್ರೆ, ಬಟ್ಟೆ, ಬೆಕ್ಕು, ಅತ್ತೆಯ ಔಷಧಿ, ಗ್ಯಾಸಿನವನಿಗೆ ಫೋನು, ಕೆಟ್ಟ ನಲ್ಲಿ. ಹೆಂಡತಿಯ ನಂಬರಿನ ಎದುರು ಸಾಲುಗಳು ಇಳಿದು ಇಳಿದು, ಒಂದು ಹಾಳೆ ಮುಗಿದು, ಎರಡನೆಯದು ಅಂಟಿಸಿ, ನೆಲ ಮುಟ್ಟಿದವು. ಅವರ ಸ್ವಂತ ನಂಬರಿನ ಎದುರು 'ಪೇಪರ್ ಓದುವುದು' ಎಂಬ ಒಂದೇ ಸಾಲು, ಬಯಲಿನಲ್ಲಿ ನಿಂತ ಕಂಬದಂತೆ, ಒಂಟಿಯಾಗಿ ನಿಂತಿತ್ತು.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ಕೊನೆಯವರೆಗೂ ಓದಿದಳು. "ರೀ, ಇದು ಚೆನ್ನಾಗಿದೆ. ಇದನ್ನೇ ಇಟ್ಕೊಳ್ಳಿ. ನಮ್ಮಣ್ಣ ಬಂದಾಗ ತೋರಿಸ್ತೀನಿ."

ಆ ಗಳಿಗೆಯಲ್ಲಿ ತೀರ್ಮಾನವಾಯಿತು. ಪಟ್ಟಿಗಳು ಗೋಡೆಯಿಂದ ಇಳಿದವು. ಜಗತ್ತಿನಲ್ಲಿ ಎಷ್ಟೋ ಸಂಸ್ಥೆಗಳು ಡೇಟಾಬೇಸನ್ನು ಬಿಟ್ಟು ಡೈರೆಕ್ಟರಿಯನ್ನು ಆರಿಸಿಕೊಂಡಿರಬಹುದು. ಈ ಕಾರಣಕ್ಕೆ ಆರಿಸಿಕೊಂಡದ್ದು ಇದೊಂದೇ ಇರಬೇಕು.

"ಮರ," ಎಂದರು ಗೊತ್ತಣ್ಣ ಮರುದಿನ.

"ಬರೀ ಮರಾನಾ ಸಾರ್?" ಎಂದಳು ಎಂಜಿನಿಯರಮ್ಮ.

"ಬರೀ ಮರ."

ಅವಳು ಕೂರಿಸಿಕೊಟ್ಟಳು. ಪರದೆಯ ಮೇಲೆ ಆಸ್ಪತ್ರೆ ಮರವಾಗಿ ಹರಡಿತು. ಒಂದು ಹೆಸರನ್ನು ಹಿಡಿದು ಎಳೆದು ಬೇರೆ ಕೊಂಬೆಗೆ ಬಿಟ್ಟರೆ ಅಲ್ಲಿಗೆ ಹೋಗಿ ಕೂರುತ್ತಿತ್ತು. "ಒಂದು ಕೊಂಬೆಗೆ ಯಾವ ಬಾಗಿಲು ಇರುತ್ತೋ, ಅದರ ಕೆಳಗಿನವರಿಗೆಲ್ಲ ಅದೇ ಬಾಗಿಲು ಸಾರ್. ಅದಕ್ಕೇ ಯಾರನ್ನಾದರೂ ಎಳೆಯೋಕೆ ಮುಂಚೆ—"

"ಗೊತ್ತಮ್ಮಾ."

ಸುದ್ದಿ ಹರಡಲು ಹೊತ್ತಾಗಲಿಲ್ಲ. ಯಾರ ಕೆಳಗೆ ಯಾರನ್ನು ನೇತುಹಾಕಿದ್ದಾರೆ ಎಂಬುದು ಟೀ ಹೊತ್ತಿಗೆ ಎಲ್ಲರ ಬಾಯಲ್ಲೂ ಇತ್ತು. ಮೊದಲು ಬಂದವರು ಹಿಂದಿನ ಡಾಕ್ಟರು.

"ನನ್ನನ್ನ ಅವರ ಕೆಳಗೆ ಹಾಕಿದೀರಂತೆ."

"ಪರದೆ ಮೇಲೆ ಜಾಗ ಅಲ್ಲಿತ್ತು ಸಾರ್."

"ಕಣ್ಣಿನ ಹಿಂದೆ ಇರೋದು ಅಂದ್ರೆ ಕಣ್ಣಿಗಿಂತ ಕೀಳು ಅಂತಾನಾ? ಹಿಂದಿಲ್ಲದೆ ಮುಂದೇನು ನೋಡ್ತೀರಿ ನೀವು?"

"ಹಾಗಾದ್ರೆ ಯಾರ ಕೆಳಗೆ ಹಾಕಲಿ ಸಾರ್?"

"ಯಾರ ಕೆಳಗೂ ಬೇಡ."

"ಯಾರ ಕೆಳಗಾದರೂ ಇರಲೇಬೇಕು. ಕಂಪ್ಯೂಟರು ಒಪ್ಪಲ್ಲ."

ಹಿಂದಿನ ಡಾಕ್ಟರು ಕೋಣೆಯ ಸುತ್ತ ನೋಡಿದರು. ತಲೆಯ ಮೇಲೆ ಯಾರೋ ಮೆಟ್ಟಿಲಿಳಿದರು. "ನಿಮ್ಮ ಕೆಳಗೇ ಹಾಕಿಬಿಡಿ. ನಿಮ್ಮ ಕೆಳಗೆ ಅಂದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ."

ಗೊತ್ತಣ್ಣ ಈ ಮಾತನ್ನು ಗೌರವವೆಂದೇ ಸ್ವೀಕರಿಸಿದರು. ಇಂಥ ದೊಡ್ಡವರು ತಾವಾಗಿ ಬಂದು ತಮ್ಮ ನೆರಳು ಬೇಡಿದ್ದು ಅವರಿಗೆ ಹೊಸದು. ಹೆಸರು ಹಿಡಿದು ಎಳೆದರು. ಹಿಂದಿನವರು ಗೊತ್ತಣ್ಣನ ಕೆಳಗೆ ಹೋದರೆಂದು ಕೇಳಿ ಮುಂದಿನವರು ಬಂದರು. ಅವರಿಗೆ ಸಿಕ್ಕಿದ್ದು ತಮಗೇಕಿಲ್ಲ ಎಂದು ಅವರೂ ಇಳಿದರು. ಸಿಸ್ಟರ್ ಬಂದು, "ಡಾಕ್ಟರ ಕೆಳಗೂ ಇರಲ್ಲ, ಆಫೀಸಿನ ಕೆಳಗೂ ಇರಲ್ಲ," ಎಂದರು. "ನಾನಿರೋದು ಆಫೀಸೇ ಅಲ್ವಾ ಸಿಸ್ಟರ್?" ಎಂದರೆ, "ನೀವು ಆಫೀಸಲ್ಲ, ನೀವು ನೀವು," ಎಂದರು. ಅವರನ್ನೂ ಎಳೆದರು. ಕೊನೆಗೆ ಪ್ಲಂಬರು ಸ್ಪಾನರ್ ಸಮೇತ ಬಾಗಿಲಲ್ಲಿ ನಿಂತ.

"ನನ್ನ ನೆಲಮಾಳಿಗೆಗೆ ಹಾಕಿದೀರಂತೆ ಸಾರ್. ನಲ್ಲಿ ಸೋರೋದು ಎಲ್ಲಾ ಮಹಡೀಲಿ. ಒಂದೇ ಕೊಂಬೆಗೆ ಕಟ್ಟಿಹಾಕಿದ್ರೆ ನಾನು ಕೋತಿ ಥರ ಹಾರಲಾ?"

ಇದು ನ್ಯಾಯವಾದ ಪ್ರಶ್ನೆಯಾಗಿತ್ತು. ಮರದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಉತ್ತರವಿಲ್ಲದ ಕಡೆ ಗೊತ್ತಣ್ಣ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಅವನನ್ನೂ ತಮ್ಮ ಕೆಳಗೆ ಎಳೆದುಕೊಂಡರು.

ವಾರ ಮುಗಿಯುವ ಹೊತ್ತಿಗೆ ಅಡಿಗೆಯವರು, ಗುಡಿಸುವವರು, ಔಷಧಿ ಕೊಡುವವರು, ಎಲ್ಲರೂ ಗೊತ್ತಣ್ಣನ ಕೊಂಬೆಗೆ ಬಾವಲಿಗಳಂತೆ ತೂಗುತ್ತಿದ್ದರು. ಮೇಲೆ ದೊಡ್ಡ ಡಾಕ್ಟರು ಒಬ್ಬರೇ ಉಳಿದರು. ಒಬ್ಬರೇ ಇರುವುದು ನೋಡಿ ಗೊತ್ತಣ್ಣನ ಮನಸ್ಸು ಕರಗಿತು. ಅಯ್ಯೋ ಪಾಪ ಎಂದು ಅವರನ್ನೂ ಹಿಡಿದು ಎಳೆದು ಎಲ್ಲರ ಜೊತೆಗೆ ಬಿಟ್ಟರು.

"ಒಂದು ಸಲ ಪರೀಕ್ಷೆ ಮಾಡಿ ನೋಡೋಣ್ವಾ ಸಾರ್?" ಎಂದು ಎಂಜಿನಿಯರಮ್ಮ ಫೋನಿನಲ್ಲಿ ಕೇಳಿದಳು. "ಬೇರೆ ಬೇರೆಯವರ ಕಾರ್ಡು ಇಟ್ಟು—"

"ಗೊತ್ತಮ್ಮಾ, ನಾನೇ ನೋಡ್ತೀನಿ."

ನೋಡಿದರು ಕೂಡ. ಹೊಸ ಕಟ್ಟಡಕ್ಕೆ ಹೋಗಿ ತಮ್ಮ ಕಾರ್ಡನ್ನು ಅಲ್ಲಿ ಸದ್ಯಕ್ಕೆ ಕೊಟ್ಟಿದ್ದ ಕೋಣೆಯ ಬಾಗಿಲಿಗೆ ಹಿಡಿದರು. ಹಸಿರು ದೀಪ ಹತ್ತಿ ಬಾಗಿಲು ತೆರೆಯಿತು. ಪಕ್ಕದಲ್ಲಿ ಕಾಗದ ಇಡುವ ಸ್ಟೋರು, ತೆರೆಯಿತು. ಅದರಾಚೆ ಟಾಯ್ಲೆಟ್ಟು, ಅದೂ ತೆರೆಯಿತು. ಅವರ ಕಾರ್ಡಿಗೆ ಇದ್ದದ್ದು ಆ ಮೂರೇ ಬಾಗಿಲು. ಒಂದೂ ಕೈಕೊಡಲಿಲ್ಲ. ಗೊತ್ತಣ್ಣ ತೃಪ್ತಿಯಿಂದ ಮನೆಗೆ ಹೋಗಿ ಅತ್ತೆಗೆ, "ಎಲ್ಲಾ ಬೆಣ್ಣೆ ಥರ ತೆಗೆಯುತ್ತೆ," ಎಂದರು.

ಮೊದಲ ದಿನ ಬೆಳಿಗ್ಗೆ ಅತ್ತೆಗೆ ಹಸಿರು ಅಂಗಿ, ತಲೆಗೆ ಹಸಿರು ಟೋಪಿ ಹಾಕಿಸಿ, ಕಣ್ಣಿಗೆ ಹನಿ ಬಿಟ್ಟು, ಗಾಲಿಮಂಚದಲ್ಲಿ ಮಲಗಿಸಿ ತಂದರು. ಹಿಂದೆ ಹೆಂಡತಿ. ಪಕ್ಕದಲ್ಲಿ ಗೊತ್ತಣ್ಣ, ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಉದ್ದನೆಯ ಓಣಿಯ ಕೊನೆಗೆ ಆಪರೇಷನ್ ಕೋಣೆಯ ಬಾಗಿಲು. ಮುಂದಿನ ಡಾಕ್ಟರು ಕೈ ತೊಳೆಯಲು ಹೋಗಬೇಕೆಂದು ಕಾರ್ಡು ಹಿಡಿದರು.

ಕೆಂಪು ದೀಪ. ಬಾಗಿಲು ಒಂದು ಸಲ ಕೀಂ ಎಂದಿತು.

ತಿರುಗಿಸಿ ಹಿಡಿದರು. ಕೀಂ. ಅಂಗಿಗೆ ಒರೆಸಿ ಹಿಡಿದರು. ಕೀಂ. ಸಿಸ್ಟರ್, "ಕೊಡಿ ಇಲ್ಲಿ," ಎಂದು ತಮ್ಮದನ್ನು ಹಿಡಿದರು. ಕೀಂ. ಹಿಂದಿನ ಡಾಕ್ಟರು ಎಂದಿನಿಂದಲೋ ಕಾಯುತ್ತಿದ್ದ ಅವಕಾಶ ಬಂತೆಂದು ಮುಂದೆ ಬಂದು ಹಿಡಿದರು. ಬಾಗಿಲು ಮುಂದಿನವರಿಗೂ ಹಿಂದಿನವರಿಗೂ ಭೇದ ಮಾಡಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಆ ಓಣಿಗೇ ಬಂದು ಸೇರತೊಡಗಿದರು. ಅಡಿಗೆಯಾಕೆಗೆ ಅಡಿಗೆ ಮನೆ ತೆರೆಯಲಿಲ್ಲ. ಪ್ಲಂಬರಿಗೆ ನೆಲಮಾಳಿಗೆಯೂ ಇಲ್ಲ, ಮಹಡಿಯೂ ಇಲ್ಲ. ಹೊರಗೆ ಹೋಗಲು ಯಾರಿಗೂ ಅಡ್ಡಿಯಿರಲಿಲ್ಲ. ಒಳಗೆ ಹೋಗಲು ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ಯಾರೋ ಬೇಸತ್ತು ಒರಗಿದಾಗ ಕಾರ್ಡು ತಾಗಿ ಅದೇ ಓಣಿಯಲ್ಲಿದ್ದ ಕಾಗದದ ಸ್ಟೋರಿನ ಬಾಗಿಲು ಹಸಿರಾಗಿ ತೆರೆಯಿತು. ಇನ್ನೊಬ್ಬರು ಹಿಡಿದರು, ತೆರೆಯಿತು. ಎಲ್ಲರ ಕಾರ್ಡಿಗೂ ಅದು ಸಂತೋಷವಾಗಿ ತೆರೆಯಿತು. ನಿಂತು ನಿಂತು ಕಾಲು ನೊಂದವರು ಒಳಗೆ ಹೋಗಿ ಕಾಗದದ ಕಟ್ಟುಗಳ ಮೇಲೆ ಕೂತರು. ಕೊನೆಗೆ ದೊಡ್ಡ ಡಾಕ್ಟರು ಬಂದು, ಕಾರ್ಡು ಹಿಡಿದು, ಕೆಂಪು ದೀಪ ನೋಡಿ, ತಾವೂ ಒಂದು ಕಟ್ಟಿನ ಮೇಲೆ ಕೂತರು. ಗಾಲಿಮಂಚವನ್ನೂ ಒಳಗೆ ತಳ್ಳಿದರು. ಹೀಗೆ ಇಡೀ ಕಣ್ಣಾಸ್ಪತ್ರೆ ಗೊತ್ತಣ್ಣನ ಸ್ಟೋರಿನಲ್ಲಿ ಸಭೆ ಸೇರಿತು.

ಎಂಜಿನಿಯರಮ್ಮ ಮೊದಲ ದಿನವೆಂದು ತಾನೂ ಬಂದಿದ್ದವಳು ಲ್ಯಾಪ್‌ಟಾಪ್ ತೆರೆದು ನೋಡಿದಳು. ಬಹಳ ಹೊತ್ತು ನೋಡಿದಳು.

"ಸಾರ್, ಎಲ್ಲರೂ ನಿಮ್ಮ ಕೆಳಗಿದಾರೆ."

"ಹೌದಮ್ಮಾ. ಅವರೇ ಕೇಳಿದ್ರು."

"ಅದಕ್ಕೇ ಎಲ್ಲರಿಗೂ ನಿಮ್ಮ ಮೂರು ಬಾಗಿಲು ಮಾತ್ರ ಸಿಕ್ಕಿದೆ. ಒಂದು ನಿಮ್ಮ ಕೋಣೆ, ಒಂದು ಈ ಸ್ಟೋರು. ಇನ್ನೊಂದು ಟಾಯ್ಲೆಟ್ಟು."

"ದೊಡ್ಡ ಡಾಕ್ಟರು ಕೂಡಾನಾ?" ಎಂದರು ದೊಡ್ಡ ಡಾಕ್ಟರು, ಬೇರೆ ಯಾರ ವಿಷಯವೋ ಎಂಬಂತೆ.

"ನೀವು ಪ್ಲಂಬರಿನ ಪಕ್ಕದಲ್ಲಿದೀರ ಸಾರ್."

ಪ್ಲಂಬರು ಮರ್ಯಾದೆಗಾಗಿ ಸ್ವಲ್ಪ ಸರಿದು ಕೂತ. ಎಂಜಿನಿಯರಮ್ಮ ಗೊತ್ತಣ್ಣನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. "ಒಬ್ಬರಿಗೆ ಹಲವು ಕಡೆ ಕೆಲಸ ಇದ್ರೆ ಬರೀ ಮರ ಸಾಕಾಗಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ ಸಾರ್?"

ಗಾಲಿಮಂಚದಿಂದ, ಹಸಿರು ಟೋಪಿಯೊಳಗಿಂದ, ಅತ್ತೆಯ ದನಿ ಬಂತು. "ಗೊತ್ತಿರುತ್ತೆ ಬಿಡಮ್ಮ. ನಮ್ಮ ಅಳಿಯಂದ್ರಿಗೆ ಎಲ್ಲಾ ಗೊತ್ತು. ಅವರೇ ಇದಾರೆ ಅಂತ ತಾನೇ ನಾನು ಬಂದಿದ್ದು."

ಗೊತ್ತಣ್ಣ ಬಾಯಿ ತೆರೆದರು. 'ಗೊತ್ತು' ಎಂಬುದು ನಾಲಗೆಯ ತುದಿಗೆ ಬಂದು ಹಾರಲು ನಿಂತಿತ್ತು. ಅಷ್ಟರಲ್ಲಿ ಅತ್ತೆಯ ಕೈ ಕಂಡಿತು. ಹೊದಿಕೆಯಿಂದ ಹೊರಗೆ ಚಾಚಿ, ಮಂಜಿನಲ್ಲಿ ತಡಕಾಡುತ್ತಾ, ಅಳಿಯನ ಶರ್ಟು ಎಲ್ಲಿದೆಯೆಂದು ಹುಡುಕುತ್ತಿತ್ತು. ಅವರು ಹೋಗಿ ಆ ಕೈಗೆ ತಮ್ಮ ತೋಳು ಸಿಗುವಂತೆ ನಿಂತರು.

"ಗೊತ್ತಿರಲಿಲ್ಲ," ಎಂದರು. ದನಿ ತಮ್ಮದೇ ಎಂದು ಅವರಿಗೇ ನಂಬಿಕೆ ಬರಲಿಲ್ಲ. "ಏನೂ ಗೊತ್ತಿರಲಿಲ್ಲ ಅತ್ತೆ. ಈಗ ಏನು ಮಾಡಬೇಕು ಅಂತಲೂ ಗೊತ್ತಿಲ್ಲ."

ಕಾಗದದ ಕಟ್ಟೊಂದು ಕಿರುಗುಟ್ಟಿತು. ದೊಡ್ಡ ಡಾಕ್ಟರು ಗಂಟಲು ಸರಿ ಮಾಡಿಕೊಂಡರು.

"ನಿಜ ಹೇಳಬೇಕು ಅಂದ್ರೆ, ನನಗೂ ಗೊತ್ತಿರಲಿಲ್ಲ. ಅದಕ್ಕೇ ಅವತ್ತು ನಿಮ್ಮ ತಲೆಗೆ ಕಟ್ಟಿದ್ದು."

"ನಾನು ಫ್ಯಾನು ನೋಡ್ತಿದ್ದೆ," ಎಂದರು ಮುಂದಿನ ಡಾಕ್ಟರು.

"ನನ್ನ ಕನ್ನಡಕದಲ್ಲಿ ಅವತ್ತು ಧೂಳೇ ಇರಲಿಲ್ಲ," ಎಂದರು ಹಿಂದಿನ ಡಾಕ್ಟರು.

ಸಿಸ್ಟರ್ ನಕ್ಕುಬಿಟ್ಟರು. ಆಮೇಲೆ ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ತೋಳು ಬಿಡದೆ ಯೋಚಿಸುತ್ತಿದ್ದರು. ಅವರು ಇಳಿದು ಮನೆಗೆ ಹೊರಟರೆ ಮತ್ತೆಂದೂ ಬರುವುದಿಲ್ಲ ಎಂಬುದು ಮಗಳಿಗೂ ಅಳಿಯನಿಗೂ ಗೊತ್ತಿತ್ತು.

"ಇನ್ನು ಎಷ್ಟು ಹೊತ್ತಾಗುತ್ತಂತೆ?" ಎಂದರು ಕೊನೆಗೆ.

"ನಾನು ಹೇಳ್ತೀನಿ ಅಜ್ಜಿ," ಎಂದಳು ಎಂಜಿನಿಯರಮ್ಮ. ಹೇಳತೊಡಗಿ ಅಭ್ಯಾಸಬಲದಿಂದ ಅರ್ಧಕ್ಕೆ ನಿಂತು ಗೊತ್ತಣ್ಣನ ಮುಖ ನೋಡಿದಳು. ಅವರು ಹೇಳು ಎಂಬಂತೆ ತಲೆಯಾಡಿಸಿದರು. ಅವಳು ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದ ವಾಕ್ಯ ಆಗ ಪೂರ್ತಿ ಹೊರಗೆ ಬಂತು. "ತುಂಬ ಕಡೆ ಏನು ಮಾಡ್ತಾರೆ ಅಂದ್ರೆ, ಎರ‌ಡನ್ನೂ ಇಟ್ಕೋತಾರೆ. ಇವರು ಯಾರು ಅನ್ನೋದು ಮರದಲ್ಲಿ. ಅದು ಅಪರೂಪಕ್ಕೆ ಬದಲಾಗೋದು, ದಿನಾ ನೂರಾರು ಸಲ ಹುಡುಕೋದು. ಇವರಿಗೆ ಯಾವ ದಿನ ಎಲ್ಲಿ ಕೆಲಸ, ಯಾವ ಯಾವ ಬಾಗಿಲು ಅನ್ನೋದು ಪಟ್ಟಿಗಳಲ್ಲಿ. ಬಾಗಿಲು ಮೊದಲು ಮರ ನೋಡುತ್ತೆ, ಆಮೇಲೆ ಪಟ್ಟಿ ನೋಡುತ್ತೆ. ಖಾಲಿ ಪಟ್ಟಿಗಳನ್ನ ನಾನು ಮೊದಲೇ ಮಾಡಿ ಇಟ್ಟಿದೀನಿ. ತುಂಬೋಕೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು. ಇಡೀ ಆಸ್ಪತ್ರೇನ ಒಂದು ಕಡೆ ಕೂರಿಸೋದು ಯಾವ ಕಾಲಕ್ಕೆ ಆಗುತ್ತೋ ಅಂತ..."

ಈ ಸಲ ಅವಳನ್ನು ಯಾರೂ ತಡೆಯಲಿಲ್ಲ. ಅವಳೇ ನಿಂತಳು. ಸುತ್ತ ನೋಡಿದಳು. ಕಟ್ಟುಗಳ ಮೇಲೆ, ಡಬ್ಬಗಳ ಮೇಲೆ, ನೆಲದ ಮೇಲೆ, ಅಡಿಗೆಯಾಕೆಯಿಂದ ದೊಡ್ಡ ಡಾಕ್ಟರವರೆಗೆ ಇಡೀ ಆಸ್ಪತ್ರೆ ಕೂತು ಅವಳನ್ನೇ ನೋಡುತ್ತಿತ್ತು.

"ಕೇಳಮ್ಮಾ," ಎಂದರು ಅತ್ತೆ. "ನಾನು ಕಾಯ್ತೀನಿ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋರು ಇರೋ ಜಾಗ ಆದ್ರೆ ಕಣ್ಣು ಕೊಡೋಕೆ ಭಯ ಇಲ್ಲ."

ಹಾಗೆ ಶುರುವಾಯಿತು. ಮೊದಲು ಆಪರೇಷನ್ನಿಗೆ ಬೇಕಾದವರು. ಮುಂದಿನ ಡಾಕ್ಟರು ತಮ್ಮ ದಿನಗಳನ್ನು ಹೇಳಿದರು, ಹಿಂದಿನವರು ತಮ್ಮದನ್ನು. ಇಬ್ಬರಿಗೂ ಒಂದೇ ಬಾಗಿಲು, ಬೇರೆ ಬೇರೆ ದಿನ ಎಂದು ಪಟ್ಟಿಯಲ್ಲಿ ನೋಡಿದಾಗ, ಇದಕ್ಕಾ ಇಷ್ಟು ವರ್ಷ ಗುದ್ದಾಡಿದ್ದು ಎಂಬಂತೆ ಮುಖ ಮುಖ ನೋಡಿಕೊಂಡರು. ಸಿಸ್ಟರ್ ಪಕ್ಕದಲ್ಲಿ ನಿಂತು ಯಾರಾದರೂ ಒಂದು ಕೆಲಸ ಮರೆತರೆ ನೆನಪಿಸಿದರು. ಎಲ್ಲರಿಗಿಂತ ಹೆಚ್ಚು ಸಾಲು ಬಂದದ್ದು ಪ್ಲಂಬರಿಗೆ. ಅವನು ಹೇಳುತ್ತಾ ಹೋದ ಹಾಗೆ ದೊಡ್ಡ ಡಾಕ್ಟರು ಜಾಗ ಬಿಟ್ಟು ಸರಿದು ಕೂತರು. ಸ್ಟೋರಿನ ಮೂಲೆಯಲ್ಲಿ ಗೊತ್ತಣ್ಣನ ಹೆಂಡತಿ ಇದನ್ನೆಲ್ಲ ನೋಡಿ ಗಂಡನ ಕಿವಿಯಲ್ಲಿ, "ನಮ್ಮನೇ ಪಟ್ಟೀನ ಎಲ್ಲಿ ಬಿಸಾಕಿದ್ರಿ?" ಎಂದಳು.

ಮುಂದಿನ ಡಾಕ್ಟರು ಹೋಗಿ ಕಾರ್ಡು ಹಿಡಿದರು. ಹಸಿರು. ಬಾಗಿಲು ಸದ್ದಿಲ್ಲದೆ ತೆರೆಯಿತು. ಗಾಲಿಮಂಚ ಒಳಗೆ ಹೋಯಿತು. ಹೋಗುವಾಗ ಅತ್ತೆ ಅಳಿಯನ ತೋಳನ್ನು ಒಂದು ಸಲ ಒತ್ತಿ ಬಿಟ್ಟರು.

ಗೊತ್ತಣ್ಣ ಓಣಿಯಲ್ಲೇ ನಿಂತಿದ್ದರು. ಒಬ್ಬೊಬ್ಬರಾಗಿ ತಮ್ಮ ತಮ್ಮ ಬಾಗಿಲಿನ ಕಡೆಗೆ ಹೊರಟವರಿಗೆಲ್ಲ ಕೈಮುಗಿದರು. "ನಿಮ್ಮಿಂದ ಆಯ್ತು," "ನಿಮ್ಮಿಂದ ಆಯ್ತು," ಎಂದರು. ಪ್ಲಂಬರು, "ಬಿಡಿ ಸಾರ್, ಎಷ್ಟೋ ದಿನ ಆಗಿತ್ತು ಹೀಗೆ ಎಲ್ಲರೂ ಕೂತು," ಎಂದ. ಸಿಸ್ಟರ್, "ನಾನು ನಿಮ್ಮ ಕೆಳಗೇ ಚೆನ್ನಾಗಿದ್ದೆ," ಎಂದರು. ಎಂಜಿನಿಯರಮ್ಮನಿಗೆ ಅವರು, "ನಿನ್ನಿಂದ—" ಎನ್ನುವಷ್ಟರಲ್ಲಿ, ಅವಳೇ, "ಗೊತ್ತು ಸಾರ್," ಎಂದು ನಕ್ಕಳು.

ಕಿಟಕಿಯ ಕೋಣೆ ಅವರಿಗೇ ಸಿಕ್ಕಿತು. ಒಂದೇ ಬೆಳಗಿನಲ್ಲಿ ಇಡೀ ಆಸ್ಪತ್ರೆಯನ್ನು ಒಂದು ಕೋಣೆಯಲ್ಲಿ ಕೂರಿಸಿದ ಮೇಲ್ವಿಚಾರಕರು ಇನ್ನೆಲ್ಲೂ ಸಿಕ್ಕಿಲ್ಲ ಎಂದು ಎಂಜಿನಿಯರಮ್ಮ ತನ್ನ ವರದಿಯಲ್ಲಿ ಬರೆದಿದ್ದಳಂತೆ. ಅದು ಸುಳ್ಳೇನೂ ಅಲ್ಲವಲ್ಲ. ಈಗ ಯಾರಾದರೂ ಬಂದು ಕನ್ನಡಕದ ಅಂಗಡಿ ಎಲ್ಲಿ ಎಂದರೆ ಗೊತ್ತಣ್ಣ ಎದ್ದು ನಿಂತು, "ಗೊತ್ತಿಲ್ಲ, ಬನ್ನಿ ಕೇಳೋಣ," ಎಂದು ಜೊತೆಗೇ ನಡೆಯುತ್ತಾರೆ. ಹೀಗೆ ನಡೆದು ಅವರಿಗೆ ಆಸ್ಪತ್ರೆಯ ಎಷ್ಟೋ ಜಾಗ ಮೊದಲ ಸಲ ನೋಡಲು ಸಿಕ್ಕಿದೆ. ಕ್ಯಾಂಟೀನು ಎಡಕ್ಕಿದೆ.

ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮನೆಯಲ್ಲಿ ಎಲ್ಲರೂ ಸುತ್ತ ನಿಂತಿದ್ದರು. ಮಹಡಿ ಮನೆಯಾಕೆ ಕೂಡ ಮುನಿಸು ಬಿಟ್ಟು, ಏಣಿಗಾಗಿಯೋ ಅಜ್ಜಿಗಾಗಿಯೋ, ಬಂದಿದ್ದರು. ಅತ್ತೆ ಮೊದಲು ಮಗಳ ಮುಖ ನೋಡಿದರು, ಬಹಳ ಹೊತ್ತು, ಕೈಯಿಂದ ಮುಟ್ಟಿ ಮುಟ್ಟಿ. "ಸೊರಗಿದೀಯ," ಎಂದರು. ಆಮೇಲೆ ಅಳಿಯನನ್ನು ನೋಡಿದರು. "ನಿಮಗೆ ಇಷ್ಟು ಬಿಳಿ ಕೂದಲು ಯಾವಾಗ ಬಂತು? ಯಾರೂ ನನಗೆ ಹೇಳೇ ಇಲ್ಲ." ಹೇಳಿ, ಕಣ್ಣಿಗೆ ನೀರು ತಂದುಕೊಂಡು, ಡಾಕ್ಟರು ಅಳಕೂಡದು ಎಂದಿದ್ದು ನೆನಪಾಗಿ ತಡೆದುಕೊಂಡರು. "ನಿಮ್ಮಿಂದ ಕಣ್ಣು ಬಂತು ಅಳಿಯಂದ್ರೇ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಗೊತ್ತಣ್ಣ ತಲೆ ತಗ್ಗಿಸಿ ನಿಂತರು.

ಅತ್ತೆ ಹೊಸ ಕಣ್ಣಿನಿಂದ ಮನೆಯನ್ನು ನೋಡುತ್ತಾ ಹೊರಟರು. ಕುರ್ಚಿಗೆ ಇಂಥ ಬಣ್ಣವೇ ಎಂದರು. ಬೆಕ್ಕಿನ ಮೂತಿಯ ಮೇಲೆ ಒಂದು ಮಚ್ಚೆ ಇದೆ ಎಂದು ಮೆಚ್ಚಿಕೊಂಡರು. ನಡುಮನೆಯ ಗೋಡೆಯ ಮುಂದೆ ಬಂದು ನಿಂತರು. ಅಲ್ಲಿ, ಎಲ್ಲರೂ ಮರೆತೇಬಿಟ್ಟಿದ್ದ ಕ್ಯಾಲೆಂಡರಿನ ಹಾಳೆ ಇನ್ನೂ ಹಾಗೇ ಅಂಟಿಕೊಂಡಿತ್ತು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಹಡಿ ಮನೆಯಾಕೆ ಕೇಳದೆಯೇ ಟೀ ಲೋಟಕ್ಕೆ ಬಾಯಿಟ್ಟರು.

ಅತ್ತೆ ತುದಿಯಿಂದ ಓದತೊಡಗಿದರು. ಬೆರಳು ಮೆಲ್ಲಗೆ ಕೊಂಬೆಯಿಂದ ಕೊಂಬೆಗೆ ಇಳಿಯಿತು. ಅಳಿಯ. ಮಗಳು. ಬೆಕ್ಕು. ಬೆಕ್ಕಿನ ಕೆಳಗೆ ಬೆರಳು ನಿಂತಿತು.

"ಅಳಿಯಂದ್ರೇ," ಎಂದರು, ತಿರುಗದೆಯೇ. "ಇಲ್ಲಿ ಕೆಳಗೆ ನೇತಾಡ್ತಿರೋದು ಯಾರು?"

ಗೊತ್ತಣ್ಣ ಒಂದು ಹೆಜ್ಜೆ ಹಿಂದೆ ಸರಿದರು.

"ಗೊತ್ತಿಲ್ಲ ಅತ್ತೆ."

ಅತ್ತೆ ತಿರುಗಿ, ಇಷ್ಟು ವರ್ಷದಲ್ಲಿ ಮೊದಲ ಸಲ ಅಳಿಯನ ಮುಖವನ್ನು ಚೆನ್ನಾಗಿ, ಹತ್ತಿರದಿಂದ, ಒಂದು ಗೆರೆಯನ್ನೂ ಬಿಡದೆ ನೋಡಿದರು.

"ನನಗೆ ಗೊತ್ತಾಯ್ತು ಬಿಡಿ," ಎಂದರು.